ಗೋಡೆಯ ಮೇಲಿನ ಆಷಾಢ

೨೯ ಜೂನ್ ೨೦೦೮, ಭಾನುವಾರ

ಭಾನುವನ್ನು ತವರಿಗೆ ಬಿಟ್ಟು ಬಂದೆ. ಬಾಗಲೂರಿನಿಂದ ಹೊಸೂರು, ಹೊಸೂರಿನಿಂದ ಆನೇಕಲ್, ಆನೇಕಲ್ಲಿನಿಂದ ಹಾರೋಹಳ್ಳಿ, ಅಲ್ಲಿಂದ ಅವಳ ಊರಿಗೆ ಆಟೋ. ಮದುವೆಯಾಗಿ ಇನ್ನೂ ಎರಡು ತಿಂಗಳಾಗಿಲ್ಲ. ಆಷಾಢ ಬರುತ್ತಿದೆ, ಹೊಸದಾಗಿ ಮದುವೆಯಾದವರು ಆ ತಿಂಗಳು ಒಂದೇ ಮನೆಯಲ್ಲಿ ಇರಬಾರದು, ತಿಂಗಳು ಹುಟ್ಟುವ ಮೊದಲೇ ಮಗಳನ್ನು ಕರೆದುಕೊಂಡು ಬನ್ನಿ ಎಂದು ಮಾವ ಪಾಪಣ್ಣನವರು ಹೇಳಿ ಕಳಿಸಿದ್ದರು.

ಅವಳು ಅಳಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಗಿಯೇ ಇದ್ದಳು. ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ನನ್ನ ಮನೆಯ ಮೇಲೆ ದೂರು ಹೇಳುತ್ತಾ ಬಂದಳು.

“ಅದೇನ್ ಮನೇನಾ? ಗೋಡೌನು. ಅಡಿಗೆಮನೇಲಿ ಮಟಮಟ ಮಧ್ಯಾನ ಲೈಟ್ ಹಾಕ್ಬೇಕು. ಬಚ್ಚಲಿಗೆ ಗೋಣಿಚೀಲದ್ ಬಾಗ್ಲು. ಗಾಳಿ ಬಂದ್ರೆ ನಾನು ನೀರು ಹುಯ್ಕೊಳ್ಳೋದಾ, ಚೀಲ ಹಿಡ್ಕಳೋದಾ?”

“ಮಾಡ್ತೀನಿ ಕಣೆ.”

“ಹಿತ್ಲು ಅಷ್ಟುದ್ದ ಬಿದ್ದೈತೆ. ಒಂದ್ ಕರಿಬೇವಿನ ಗಿಡ ಇಲ್ಲ. ಕೊತ್ತಂಬ್ರಿಗೂ ಅಂಗ್ಡಿಗೆ ಓಡ್ಬೇಕು. ನಮ್ಮವ್ವ ಕೇಳಿದ್ರೆ ನಗ್ತಾಳೆ.”

“ನೀನ್ ಬರೋ ಅಷ್ಟ್ರಲ್ಲಿ ಎಲ್ಲಾ ಆಗಿರ್ತದೆ.”

“ಆಗ್ಲಿ. ಆಷಾಢ ಮುಗಿದ್ ದಿನಾನೇ ಬಂದು ಕರ್ಕಂಡೋಗ್ಬೇಕು, ತಿಳೀತಾ? ಒಂದ್ ದಿನ ಆಚೀಚೆ ಆದ್ರೂ ನಮ್ಮೂರ್ ಜನ ಬಾಯಿಗ್ ಬಂದಂಗ್ ಆಡ್ತಾರೆ. ನಮ್ ಚಿಕ್ಕಪ್ಪನ್ ಮಗಳ್ದು ಅಂಗೇ ಆಯ್ತು.”

“ಮುಗಿದ್ ದಿನಾನೇ” ಎಂದು ಅವಳ ಕೈ ಮೇಲೆ ಕೈ ಇಟ್ಟೆ. ಕಂಡಕ್ಟರ್ ನೋಡುತ್ತಾನೆ ಎಂದು ಎಳೆದುಕೊಂಡಳು.

೧ ಜುಲೈ, ಮಂಗಳವಾರ

ದಿನಚರಿಯ ಹಾಗೆ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಇಡುವುದು ಇದು ಎರಡನೇ ದಿನ. ನನ್ನದು ಕರ್ನಾಟಕದ ಸಿಮ್ಮು. ಬಾಗಲೂರು ತಮಿಳುನಾಡಿಗೆ ಸೇರಿದ್ದು. ಈ ಕಡೆಯ ಟವರ್ ಹಿಡಿದರೆ ರೋಮಿಂಗು, ಬಂದ ಕರೆಗೂ ದುಡ್ಡು. ಅದಕ್ಕೆ ಫೋನನ್ನು ಕರ್ನಾಟಕದ ಟವರಿಗೇ ಕಟ್ಟಿ ಹಾಕಿದ್ದೇನೆ. ಹಿತ್ತಲ ಕೊನೆಯ ಹೊಂಗೆಮರದ ಕೆಳಗೆ ನಿಂತರೆ ಎರಡು ಕಡ್ಡಿ ಬರುತ್ತದೆ. ಮನೆಯೊಳಗೆ ಬಂದರೆ ಸತ್ತ ಫೋನು. ಆದರೆ ಸತ್ತ ಫೋನೂ ಹೇಳಿದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡನೇ ಪಾಳಿ ಮುಗಿಸಿ ಬಂದವನಿಗೆ ತಕ್ಷಣ ನಿದ್ದೆ ಬರುವುದಿಲ್ಲ. ಮೊದಲಾದರೆ ಭಾನು ಎದ್ದು ಕೂತು ಹೂಂ ಹೂಂ ಅನ್ನುತ್ತಿದ್ದಳು.

ವಾಸು ಮತ್ತೆ ಪುಣೆಯ ಸುದ್ದಿ ತೆಗೆದ. ಅವನು ಫ್ಯಾಕ್ಟರಿಯಲ್ಲಿ ನನ್ನ ಲೈನಿನವನೇ, ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಹುಟ್ಟಿದವನು, ತಮಿಳಿನಲ್ಲಿ ಓದಿ ಕನ್ನಡದಲ್ಲಿ ಬೈಯುತ್ತಾನೆ. “ಲೇ ವೆಂಕಿ, ಅಲ್ಲಿ ಹೊಸ ಪ್ಲಾಂಟು. ಸೆಪ್ಟೆಂಬರ್‌ಗೆ ಜನ ತಗೋತಾರೆ. ನಿನ್ ಕಾಲು ನಿಂತಲ್ಲಿ ನಿಲ್ಲಾಕಿಲ್ವಲ್ಲ, ಬಾರ್ಲಾ” ಎಂದ. ಬರುತ್ತೇನೆ ಎಂದೆ. ಎಂಟು ವರ್ಷದಲ್ಲಿ ಏಳು ರೂಮು ಬದಲಿಸಿದ್ದೇನೆ, ಇದು ಎಂಟನೆಯದು. ಭಾನು ಬಂದ ಮೇಲೆ ಅವಳನ್ನೊಂದು ಮಾತು ಕೇಳಬೇಕು.

೬ ಜುಲೈ, ಭಾನುವಾರ

ಸುಣ್ಣ ಬಳಿದೆ. ಕೈ ಒಡೆದು ಉರಿಯುತ್ತಿದೆ.

ಮನೆಯ ಒಡತಿ ಮುನಿಗಂಗಮ್ಮಜ್ಜಿ ಪಕ್ಕದ ಮನೆಯವಳು. ಹಸುವನ್ನು ತೆಲುಗಿನಲ್ಲಿ ಬೈಯುತ್ತಾಳೆ, ಹಾಲಿನವನನ್ನು ತಮಿಳಿನಲ್ಲಿ, ನನ್ನನ್ನು ಕನ್ನಡದಲ್ಲಿ. ಏನಾದರೂ ಮಾಡಿಕೋ, ಗೋಡೆ ಬೀಳಿಸಬೇಡ ಎಂದು ಅಪ್ಪಣೆ ಕೊಟ್ಟಿದ್ದಳು. ನಿನ್ನೆಯೇ ಹಳೇ ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಬಿಟ್ಟಿದ್ದೆ. ಬೆಳಗಿನವರೆಗೂ ಕುದಿಯುತ್ತಿತ್ತು. ಒಂದು ಚಿಟಿಕೆ ನೀಲಿ, ಹಿಡಿ ಉಪ್ಪು, ಗಂಜಿ. ಬ್ರಷ್ಷಿಗೆ ಬದಲು ಜಜ್ಜಿದ ಕತ್ತಾಳೆ ನಾರು.

“ಲೇ, ಮೇಲಿಂದ ಕೆಳಕ್ ಬಳಿಯೋ. ಎಮ್ಮೆ ಮೈ ತೊಳ್ದಂಗೆ ಅಡ್ಡಾದಿಡ್ಡಿ ಎಳೀತಾವ್ನೆ.”

“ಅಜ್ಜೀ, ನೀನೇ ಬಂದು ಬಳಿ ಮತ್ತೆ.”

“ನನ್ ಸೊಸೆನಾ ಬರೋಳು? ನಿನ್ ಹೆಂಡ್ತಿ ಕಣಪ್ಪಾ. ನೀನೇ ಬಳಿ.”

ಹಸಿಯಾಗಿದ್ದಾಗ ಏನೂ ಕಾಣಲಿಲ್ಲ. ಸಂಜೆ ಒಣಗಿದ ಮೇಲೆ ಬಾಗಿಲು ತೆರೆದವನು ಬೇರೆ ಯಾರ ಮನೆಗೋ ಬಂದೆ ಅಂದುಕೊಂಡೆ. ಹೊಂಗೆಮರದ ಕೆಳಗೆ ಹೋಗಿ ಭಾನುಗೆ ಹೇಳಿದೆ. “ನಿಜ್ವಾಗ್ಲೂ? ಸುಳ್ಳು ಹೇಳ್ತಿದ್ದೀಯ” ಎಂದಳು. ಎಷ್ಟು ಖುಷಿಯಾಯಿತೆಂದರೆ ಬ್ಯಾಲೆನ್ಸ್ ಮುಗಿಯುವವರೆಗೂ ಮಾತಾಡಿದೆ.

೧೧ ಜುಲೈ, ಶುಕ್ರವಾರ

ಬಚ್ಚಲಿಗೆ ಬಾಗಿಲು ಬಂತು. ಮೆಷಿನ್ ಬಂದ ಪೆಟ್ಟಿಗೆಯ ಹಲಗೆಗಳನ್ನು ಫ್ಯಾಕ್ಟರಿಯಲ್ಲಿ ಸೌದೆಗೆಂದು ಕೊಡುತ್ತಾರೆ. ಗೇಟ್ ಪಾಸ್ ಬರೆಸಿ ತಂದು, ಮೊಳೆ ಕಿತ್ತು, ಉಜ್ಜಿ, ಜೋಡಿಸಿದೆ. ಮೂರು ಬೆಳಿಗ್ಗೆಯ ಕೆಲಸ. ಒಳಗಿನಿಂದ ಗಟ್ಟಿ ಚಿಲಕ. ಹಲಗೆಯ ಮೇಲೆ ಒಂದು ಕೊಡೆಯ ಗುರುತು, ಒಂದು ಗಾಜಿನ ಲೋಟದ ಗುರುತು, ಈ ಕಡೆ ಮೇಲೆ ಎಂಬ ಬಾಣ. ಹಾಕಿದ ಮೇಲೆ ನೋಡಿದರೆ ಬಾಣ ಕೆಳಗೆ ತೋರಿಸುತ್ತಿದೆ. ಭಾನುಗೆ ಫೋನಿನಲ್ಲಿ ಹೇಳಿದರೆ “ಅಂದ್ರೆ ತಲೆಕೆಳಗಾಗ್ ನಿಂತು ಸ್ನಾನ ಮಾಡ್ಬೇಕಾ?” ಎಂದು ನಕ್ಕಳು. ಅವಳ ಹಿಂದೆ ಅವಳವ್ವ ಭಾಗ್ಯಮ್ಮನವರೂ ನಕ್ಕಿದ್ದು ಕೇಳಿಸಿತು.

೧೬ ಜುಲೈ, ಬುಧವಾರ

ಒಂದು ವಿಷಯ ಇವತ್ತು ಗೊತ್ತಾಯಿತು.

ನಮ್ಮ ಮನೆಯ ಗೋಡೆಯ ಮೇಲಿರುವುದು ಬಾಗಲೂರಿನ ಕಬ್ಬಿಣದಂಗಡಿಯವರು ಕೊಟ್ಟ ತಮಿಳು ಕ್ಯಾಲೆಂಡರ್, ದಿನಕ್ಕೊಂದು ಹಾಳೆ ಹರಿಯುವಂಥದ್ದು. ಬಸ್ಸಿನ ಬೋರ್ಡು ನೋಡಿ ಕಲಿತ ತಮಿಳು ನನ್ನದು. ಬೆಳಿಗ್ಗೆ ಹಾಳೆ ಹರಿದರೆ ಕೆಳಗಿನ ಹಾಳೆಯಲ್ಲಿ ಆಡಿ ಒಂದು ಎಂದಿತ್ತು. ಫ್ಯಾಕ್ಟರಿಯಲ್ಲಿ ವಾಸುವೂ ಅದನ್ನೇ ಹೇಳಿದ.

“ಆಡಿ ಹುಟ್ತು. ನಮ್ ಬೀದೀಲಿ ಹೊಸ ಮದ್ವೆ ಹೆಣ್ಗಳೆಲ್ಲಾ ತವರಿಗ್ ಹೊಂಟ್ವು. ನಿನ್ ಹೆಂಡ್ತಿ ಯಾವಾಗ್ ಹೋಗೋದು?”

“ಅವ್ಳು ಹೋಗಿ ಹದಿನೇಳ್ ದಿನ ಆಯ್ತು.”

“ಇದೇನ್ಲಾ, ಅಷ್ಟ್ ಮುಂಚೆ?”

ನನಗೂ ಹಾಗೇ ಅನ್ನಿಸಿತು. ಅವರು ಆಡಿ ಅನ್ನುತ್ತಾರೆ, ನಾವು ಆಷಾಢ ಅನ್ನುತ್ತೇವೆ, ತಿಂಗಳು ಒಂದೇ. ಅದು ಹುಟ್ಟಿದ್ದೇ ಇವತ್ತು. ಅತ್ತೆಗೆ ಮಗಳು ಬೇಕಾಗಿತ್ತು, ಕೆಲಸಕ್ಕೆ ಕೈ ಬೇಕಾಗಿತ್ತು, ಹದಿನೇಳು ದಿನ ಮೊದಲೇ ಕರೆಸಿಕೊಂಡಿದ್ದಾರೆ. ಭಾನುಗೂ ಗೊತ್ತಿದ್ದೇ ಇರುತ್ತದೆ. ಒಂದು ಮಾತು ಹೇಳಲಿಲ್ಲ. ಕೇಳೋಣ ಎಂದು ಮರದ ಕೆಳಗೆ ಹೋದವನು ಕೇಳದೆ ಬಂದೆ. ಅಪ್ಪ ಅಮ್ಮ ಇಲ್ಲದೆ ದೊಡ್ಡಪ್ಪನ ಮನೆಯಲ್ಲಿ ಬೆಳೆದವನು ನಾನು. ಹದಿನಾರಕ್ಕೆ ಹೊಸೂರಿಗೆ ಬಂದೆ. ಹಬ್ಬ ಹುಣ್ಣಿಮೆ ನನಗೆ ತಿಳಿಯುವುದು ಕ್ಯಾಂಟೀನಿನಲ್ಲಿ ಪಾಯಸ ಹಾಕಿದಾಗ. ಇವನಿಗೇನು ಗೊತ್ತಾಗುತ್ತದೆ ಎಂದುಕೊಂಡರೇನೋ.

ಹೋಗಲಿ. ಹಾಳೆಗಳನ್ನು ಎತ್ತಿ ನೋಡಿದೆ. ಆಡಿ ಮುಗಿಯುವುದು ಆಗಸ್ಟ್ ಹದಿನಾರಕ್ಕೆ. ಹದಿನೇಳಕ್ಕೆ ಪೆನ್ಸಿಲ್ಲಿನಲ್ಲಿ ಗುಂಡಗೆ ಸುತ್ತಿದೆ. ಭಾನುವಾರವೇ ಬಿದ್ದಿದೆ, ರಜ ಕೇಳುವ ಗೋಜಿಲ್ಲ. ಇನ್ನೂ ಒಂದು ತಿಂಗಳಿದೆ ಎಂದು ಮನಸ್ಸು ಹಗುರವಾಯಿತು. ಹಿತ್ತಲಿಗೆ ಇನ್ನೂ ಕೈಯೇ ಹಾಕಿಲ್ಲ.

೨೦ ಜುಲೈ, ಭಾನುವಾರ

ಅಗೆದೆ. ಒಂದು ಅಡಿ ಮಣ್ಣಿಗೆ ಅರ್ಧ ಅಡಿ ಇಟ್ಟಿಗೆ ಚೂರು. ಗಾಜು, ಹರಿದ ಚಪ್ಪಲಿ, ಯಾರದೋ ಹಲ್ಲುಜ್ಜುವ ಬ್ರಷ್ಷು. ಎಲ್ಲ ಆರಿಸಿ ಬೇಲಿಯ ಹತ್ತಿರ ಗುಡ್ಡೆ ಹಾಕಿದೆ. ಅಜ್ಜಿ 'ಮೂರೇ ಮಂಕರಿ' ಎಂದು ಹೇಳಿ ತಿಪ್ಪೆ ಗೊಬ್ಬರ ಕೊಟ್ಟಳು, ಆಮೇಲೆ ತಾನೇ ಆರು ಬುಟ್ಟಿ ಹಾಕಿದಳು.

ನಾಲ್ಕು ಮಡಿ ಮಾಡಿದ್ದೇನೆ. ಒಂದರಲ್ಲಿ ಮೆಂತ್ಯ, ಒಂದರಲ್ಲಿ ದಂಟು, ಒಂದರಲ್ಲಿ ಮೂಲಂಗಿ. ಉದ್ದನೆಯದರಲ್ಲಿ ಬೀನ್ಸ್. ಬಚ್ಚಲ ನೀರು ಸುಮ್ಮನೆ ಬೀದಿಗೆ ಹೋಗುತ್ತಿತ್ತು. ಅದಕ್ಕೆ ಒಂದು ಕಾಲುವೆ ತೋಡಿ ಮಡಿಗಳಿಗೆ ತಿರುಗಿಸಿದೆ. ನೀರು ಮೊದಲ ತಿರುವಿನಲ್ಲಿ ನಿಂತು, ಯೋಚಿಸಿ, ಆಮೇಲೆ ಮುಂದೆ ಹೋಯಿತು. ಅದನ್ನೇ ನೋಡುತ್ತಾ ಕುಕ್ಕುರುಗಾಲಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಫೋನ್ ಮಾಡುವ ಹೊತ್ತು ಮೀರಿಹೋಗಿತ್ತು.

೨೪ ಜುಲೈ, ಗುರುವಾರ

ಮೆಂತ್ಯ ಮೊಳೆತಿದೆ! ನಾಲ್ಕೇ ದಿನ.

೨೭ ಜುಲೈ, ಭಾನುವಾರ

ಅಡಿಗೆಮನೆಯ ಮೇಲೆ ಒಂದು ಶೀಟು ತೆಗೆದು ಬೆಳಕು ಬಿಡುವ ಫೈಬರ್ ಶೀಟು ಹಾಕಿದೆ. ವಾಸು ಕೆಳಗಿನಿಂದ ಹಿಡಿದುಕೊಂಡ. ಉಳಿದ ಶೀಟುಗಳ ಕೆಳಗೆ ಪ್ಯಾಕಿಂಗ್ ಥರ್ಮೋಕೋಲ್ ಕಟ್ಟಿದ್ದೇನೆ, ಮಧ್ಯಾಹ್ನದ ಕಾವು ಅರ್ಧಕ್ಕರ್ಧ ಇಳಿದಿದೆ. ಟೈಲ್ಸ್ ಅಂಗಡಿಯ ಹಿಂದೆ ಎಸೆದಿದ್ದ ಚೂರುಗಳನ್ನು ತಂದು ಒಲೆಯ ಕಟ್ಟೆಗೆ ಅಂಟಿಸಿದೆ. ಒಂದಕ್ಕೊಂದು ಬಣ್ಣ ಸೇರುವುದಿಲ್ಲ. ಆದರೂ ಬೆಳಕು ಬಿದ್ದಾಗ ಕಟ್ಟೆಯೆಲ್ಲ ನಗುವ ಹಾಗೆ ಕಾಣುತ್ತದೆ.

“ನಿನ್ ಹೆಂಡ್ತಿ ಬಂದು ಇದೆಲ್ಲಾ ನೋಡಿ, ಆಮೇಲೆ ಪುಣೆಗ್ ಬರಾಕಿಲ್ಲ ಅಂದ್ರೆ?” ಎಂದ ವಾಸು.

“ಅಂದ್ರೆ ಇಲ್ಲ.”

“ಅಲ್ಲಿ ಹಿತ್ಲು ಇರಾಕಿಲ್ಲ ಕಣ್ಲಾ” ಎಂದು ನಕ್ಕ.

ಅವಳು ಹೇಳಿದ್ದೆಲ್ಲ ಮುಗಿಯಿತು. ಗೋಡೆ, ಬಾಗಿಲು, ಬೆಳಕು, ಹಿತ್ತಲು. ಕರಿಬೇವಿನ ಗಿಡವನ್ನು ಅಜ್ಜಿಯ ಹೊಲದಿಂದ ಬೇರು ಸಮೇತ ತಂದು ನೆಟ್ಟಿದ್ದೇನೆ. ಇನ್ನು ಬೀನ್ಸಿಗೆ ಒಂದು ಚಪ್ಪರ ಹಾಕಬೇಕು.

೧ ಆಗಸ್ಟ್, ಶುಕ್ರವಾರ

ಅಮಾವಾಸ್ಯೆ, ಅದರ ಮೇಲೆ ಸೂರ್ಯಗ್ರಹಣ. ಸಂಜೆಯ ಟೀಗೆ ಕ್ಯಾಂಟೀನಿನಲ್ಲಿ ಯಾರೂ ಇರಲಿಲ್ಲ. ಎಲ್ಲರೂ ವೆಲ್ಡಿಂಗ್ ಗಾಜು ಹಿಡಿದು ಶೆಡ್ಡಿನ ಹಿಂದೆ. ಮೋಡದ ಸಂದಿನಲ್ಲಿ ಒಂದೇ ಸಲ ಕಂಡಿತು, ಯಾರೋ ಕಚ್ಚಿ ಇಟ್ಟ ಬಿಸ್ಕತ್ತಿನ ಹಾಗೆ. ಮನೆಗೆ ಬಂದು ನೋಡಿದರೆ ಮುನಿಗಂಗಮ್ಮಜ್ಜಿ ನನ್ನ ಒಂದೊಂದು ಮಡಿಗೂ ಒಂದೊಂದು ಗರಿಕೆ ಇಟ್ಟು ಗ್ರಹಣದಿಂದ ಕಾಪಾಡಿದ್ದಾಳೆ.

೨ ಆಗಸ್ಟ್, ಶನಿವಾರ

ಚಪ್ಪರಕ್ಕೆ ಗಳು ಆರಿಸಲು ಮರದ ಕಡೆ ಹೋದಾಗ ಫೋನ್ ಕಿಣಿಗುಟ್ಟಿತು. ಮೊನ್ನೆ ಮಾವನ ನಂಬರಿನಿಂದ ಮೂರು ಸಲ ಕರೆ ಬಂದಿತ್ತು ಎಂಬ ಸಂದೇಶ. ತಿರುಗಿ ಮಾಡಿದೆ. ಅತ್ತೆ ಎತ್ತಿದರು.

“ಅಮಾಸೆಗೆ ಕರ್ಯಣ ಅಂತ ಮಾಡಿದ್ರು ಮಾವ. ಈಗ್ ಬಿಡಿ” ಎಂದರು.

“ಫೋನ್ ಸಿಗ್ನಲ್ ಇರ್ಲಿಲ್ಲ ಅತ್ತೆ. ಭಾನು ಎಲ್ಲಿ?”

“ಹೊಲಕ್ ಹೋಗವ್ಳೆ.”

ಏನೋ ಪೂಜೆಯಿತ್ತಂತೆ. ಗ್ರಹಣದ ದಿನ ಎಂಥ ಪೂಜೆ. ಅತ್ತೆ ಮೂಗು ಎಳೆದುಕೊಳ್ಳುತ್ತಿದ್ದರು, ಶೀತವಿರಬೇಕು. ಗಳುಗಳು ಸರ್ವೆಯವು, ನೆಟ್ಟಗಿವೆ, ಎಂಟು ಸಿಕ್ಕಿದವು.

೫ ಆಗಸ್ಟ್, ಮಂಗಳವಾರ

ಇವತ್ತು ಭಾನು ಸಿಕ್ಕಿದಳು.

“ಏನ್ ಮಾಡ್ತಿದ್ದೀಯ?” ಎಂದಳು.

“ಬೀನ್ಸ್‌ಗೆ ಚಪ್ಪರ ಹಾಕ್ತಿದ್ದೀನಿ. ತಂತಿ ಸಾಕಾಗ್ಲಿಲ್ಲ. ಹಳೇ ಸೈಕಲ್ ಬ್ರೇಕ್ ವೈರ್ ಎಲ್ಲಾ ಸೇರ್ಸಿ...”

“ನೀನ್ ಬರಲ್ವಾ?”

“ಬತ್ತೀನಿ ಕಣೆ. ಇನ್ನೂ ಟೈಮಿದೆಯಲ್ಲ.”

“ಟೈಮಿದೆ ಅಂದ್ಯಾ?”

“ಹೂಂ. ಯಾಕೆ?”

“ಏನಿಲ್ಲ. ಸರಿ ಬಿಡು.”

ಹಠ ಮಾಡುತ್ತಿದ್ದಾಳೆ. ಹದಿನೇಳು ದಿನ ಮೊದಲೇ ಹೋದವಳು ಅವಳು, ಬೇಗ ಬಾ ಎನ್ನುವುದೂ ಅವಳೇ. ನಗು ಬಂತು. ಬಂದು ನೋಡಿದಾಗ ಎಲ್ಲ ಮರೆಯುತ್ತಾಳೆ.

೧೦ ಆಗಸ್ಟ್, ಭಾನುವಾರ

ಇಂಥ ದಿನ ನನ್ನ ಜೀವನದಲ್ಲಿ ಬಂದಿದ್ದು ಕಡಿಮೆ. ಬೆಳಿಗ್ಗೆ ಆರಕ್ಕೆ ಎದ್ದು ಹಿತ್ತಲಿಗೆ ಹೋದೆ, ಮಧ್ಯಾಹ್ನ ಎರಡಕ್ಕೆ ಹಸಿವಾಗಿದೆ ಎಂದು ತಿಳಿಯಿತು. ಚಪ್ಪರ ಮುಗಿಯಿತು. ಬೀನ್ಸ್ ಬಳ್ಳಿಗಳು ಗಾಳಿಯಲ್ಲಿ ತಡಕಾಡುತ್ತಿದ್ದವು. ಒಂದೊಂದರ ತುದಿಯನ್ನೂ ಹಿಡಿದು ದಾರಕ್ಕೆ ಸುತ್ತಿ ಬಿಟ್ಟೆ. ಎಡಕ್ಕೆ ಸುತ್ತಿದರೆ ಬಿಚ್ಚಿಕೊಂಡು ತಾವೇ ಬಲಕ್ಕೆ ಸುತ್ತಿಕೊಳ್ಳುತ್ತವೆ. ಸಂಜೆ ಹೋಗಿ ನೋಡಿದರೆ ಎಲ್ಲವೂ ಅರ್ಧ ಗೇಣು ಮೇಲೆ.

ದಂಟಿನ ಸೊಪ್ಪು ಕಿತ್ತು ಸಾರು ಮಾಡಿದೆ. ಅಜ್ಜಿಗೆ ಒಂದು ಕಟ್ಟು ಕೊಟ್ಟೆ. ಕಾಡಂಚಿನ ಸಾನಮಾವು ಎಂಬ ಊರಿನಲ್ಲಿರುವ ಅವಳ ತಮ್ಮನ ಹೊಲಕ್ಕೆ ಆನೆ ಬಂದಿದ್ದ ಕಥೆ ಹೇಳಿದಳು. ರಾಗಿ ತಿಂದು ಹೋಗುವಾಗ ಪಂಪ್‌ಸೆಟ್ ಮನೆಯ ಬಾಗಿಲನ್ನೂ ಕಿತ್ತುಕೊಂಡು ಹೋಯಿತಂತೆ. “ನಿನ್ ಬೀನ್ಸ್ ವಾಸ್ನೆ ಅದ್ಕೆ ಗೊತ್ತಾಗ್ದಿರ್ಲಿ” ಎಂದಳು.

ವಾಸು ಪುಣೆಯ ಅರ್ಜಿಯ ಹಾಳೆ ತಂದಿದ್ದ. ಬೇಡ ಎಂದೆ. “ಹೆಂಡ್ತೀನ ಕೇಳ್ದ್ಯಾ?” ಎಂದ. ಕೇಳಿಲ್ಲ ಎಂದು ಆಮೇಲೆ ನೆನಪಾಯಿತು. ಮುಂದಿನ ತಿಂಗಳು ಅವರೆ ಹಾಕಬೇಕು. ಬೇಲಿಯ ಪಕ್ಕ ಒಂದು ನುಗ್ಗೆಕೊಂಬೆ.

ಮಂಗಳವಾರದ ನಂತರ ಊರಿಗೆ ಫೋನ್ ಮಾಡಿಲ್ಲ. ಮರದ ಕೆಳಗೆ ಗೊಬ್ಬರದ ಗುಂಡಿ ತೋಡಿದ್ದೇನೆ, ನಿಲ್ಲಲು ಜಾಗವಿಲ್ಲ.

೧೫ ಆಗಸ್ಟ್, ಶುಕ್ರವಾರ

ಬಸ್ ಸ್ಟ್ಯಾಂಡಿನಲ್ಲಿ ಕೂತು ಹೇಳುತ್ತಿದ್ದೇನೆ. ಆನೇಕಲ್ ಬಸ್ಸು ಇನ್ನೂ ಬಂದಿಲ್ಲ.

ಸ್ವಾತಂತ್ರ್ಯ ದಿನದ ರಜ. ಬೆಳಿಗ್ಗೆ ಮುನಿಗಂಗಮ್ಮಜ್ಜಿ ಹೊಸ ಸೀರೆ ಉಟ್ಟು, ತಟ್ಟೆಯಲ್ಲಿ ಕೋಸಂಬರಿ, ಒಬ್ಬಟ್ಟು ಹಿಡಿದು ಬಂದಳು. ವರಮಹಾಲಕ್ಷ್ಮಿ ಹಬ್ಬವಂತೆ.

“ಅಲ್ಲಪ್ಪಾ, ನಾನೂ ನೋಡ್ತಾನೇ ಇವ್ನಿ. ನಿನ್ ಹೆಂಡ್ತಿ ಯಾಕ್ ಬರ್ಲಿಲ್ಲ? ಏನಾರ ಮಾತು ಬಂತಾ?”

“ಇಲ್ಲಜ್ಜಿ. ಆಷಾಢ ನಾಳೆ ಮುಗೀತದಲ್ಲ. ನಾಳಿದ್ದು ಹೋಗಿ ಕರ್ಕಂಡ್ ಬತ್ತೀನಿ.”

ಅಜ್ಜಿ ನನ್ನ ಮುಖ ನೋಡಿದಳು. ಗೋಡೆಯ ಕ್ಯಾಲೆಂಡರ್ ನೋಡಿದಳು. ಪೆನ್ಸಿಲ್ ಸುತ್ತು ತೋರಿಸಿದೆ. ತಟ್ಟೆ ಕೆಳಗಿಟ್ಟು ಹಣೆ ಬಡಿದುಕೊಂಡಳು.

“ಅಯ್ಯೋ ನಿನ್ನ! ಅದು ಆಡಿ ಕಣೋ. ತಮಿಳ್ರ ತಿಂಗ್ಳು, ಸೂರ್ಯನ್ ಲೆಕ್ಕ. ನಮ್ದು ಅಮಾಸೆಯಿಂದ ಅಮಾಸೆಗೆ. ನಮ್ ಆಷಾಢ ಗ್ರಹಣದ್ ದಿನಾನೇ ಮುಗೀತು. ಭೀಮನ ಅಮಾಸೆ ಅದು, ಹೆಂಡ್ತೀರು ಗಂಡನ್ ಪಾದ ಪೂಜೆ ಮಾಡೋ ದಿನ. ಶ್ರಾವಣ ಬರ್ದೆ ವರಮಾಲಕ್ಷ್ಮಿ ಎಲ್ಲಿಂದ ಬಂದ್ಲೋ ನಿಮ್ಮನೆಗೆ?”

“ಆಷಾಢ ಹುಟ್ಟಿದ್ದು ಜುಲೈ ಹದಿನಾರಕ್ಕಲ್ವಾ?”

“ಅದಕ್ಕೂ ಹದ್ಮೂರ್ ದಿನ ಮುಂಚೆ ಹುಟ್ತು. ಅದಕ್ಕೇ ಕಣೋ ಅವ್ರು ಮುಂಚೇನೇ ಕರ್ಕಂಡಿದ್ದು.”

ಹದಿನಾಲ್ಕು ದಿನ. ಮೆಂತ್ಯ ಕಿತ್ತೆ, ಮೂಲಂಗಿ ಕಿತ್ತೆ, ಚೀಲಕ್ಕೆ ತುಂಬಿದೆ. ಚಪ್ಪಲಿ ಸಿಕ್ಕಿಸಿಕೊಂಡು ಇಲ್ಲಿಗೆ ಓಡಿ ಬಂದೆ. ಬಸ್ಸು ಬಂತು.

೧೬ ಆಗಸ್ಟ್, ಶನಿವಾರ

ಒಬ್ಬನೇ ವಾಪಸ್ಸು ಬಂದಿದ್ದೇನೆ.

ನಿನ್ನೆ ಹೋದಾಗ ಮಾವ ಬಾಗಿಲಲ್ಲೇ ಕೂತಿದ್ದರು. “ಬಂದ್ರಾ” ಎಂದರು, ಅಷ್ಟೇ. ಕಾಲಿಗೆ ನೀರು ಕೊಡಲಿಲ್ಲ. ಅಂಗಳದಲ್ಲಿ ನಿಂತುಕೊಂಡೇ ಕ್ಯಾಲೆಂಡರಿನ ಕಥೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ಸುಳ್ಳಿನಂತೆ ಕೇಳಿಸಿತು. ಮಾವ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು.

“ಲೇ ಭಾಗ್ಯಾ, ಬಾರೇ ಇಲ್ಲಿ! ಅಳಿಯಂದ್ರು ತಮಿಳ್ ಆಷಾಢ ಮಾಡವ್ರೆ!”

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಪಕ್ಕದ ಮನೆಯವರಿಗೆಲ್ಲ ಮಾವ ಬೇಲಿಯಾಚೆ ಕೂಗಿ ಹೇಳಿದರು. ಆ ಮನೆ ಎರಡು ವಾರ ಉಸಿರು ಹಿಡಿದುಕೊಂಡಿತ್ತು ಎಂದು ಆಗ ತಿಳಿಯಿತು. “ಬೆಳಿಗ್ಗೆ ಕರ್ಕಂಡ್ ಹೊರಡಿ” ಎಂದರು. ಭಾನು ಬಡಿಸಿದಳು. ಅವಳೊಬ್ಬಳು ನಗಲಿಲ್ಲ.

ಬೆಳಿಗ್ಗೆ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು ನಾನು ತಂದ ಮೆಂತ್ಯ ಬಿಡಿಸುತ್ತಿದ್ದಳು. ಹೋಗಿ ಪಕ್ಕ ನಿಂತೆ.

“ಸೊಪ್ಪು ಚೆನ್ನಾಗ್ ಬಂದೈತೆ” ಎಂದಳು.

“ತಿಪ್ಪೆ ಗೊಬ್ಬರ. ಅಜ್ಜಿ ಕೊಟ್ಲು.”

“ಅಮಾಸೆ ದಿನ ನಿನ್ ಕಾಲ್ ತೊಳ್ಯಕ್ಕೆ ಚೆಂಬು ಬೆಳಗಿಟ್ಟಿದ್ದೆ. ಗ್ರಹಣ ಹಿಡಿಯೋಗಂಟ ಕಾದೆ. ಚಿಕ್ಕಪ್ಪನ್ ಮನೆಯೋರು ಬಂದು, ಎಲ್ಲವ್ವಾ ನಿನ್ ಗಂಡ ಅಂದ್ರು. ಡ್ಯೂಟಿ ಅಂದೆ. ಮೂರ್ ದಿನ ಡ್ಯೂಟಿ ಅಂದೆ. ಆಮೇಲ್ ನೀನೇ ಫೋನಲ್ಲಿ ಟೈಮಿದೆ ಅಂದೆ.”

“ಗೊತ್ತಾಗ್ಲಿಲ್ಲ ಭಾನು. ನಿನ್ನಾಣೆ.”

“ಗೊತ್ತು. ಕೋಪ ಇಲ್ಲ. ಒಂದ್ ಕೇಳ್ತೀನಿ, ನಿಜ ಹೇಳು. ಆಷಾಢ ಇನ್ನೂ ಒಂದ್ ತಿಂಗ್ಳು ಐತೆ ಅಂತ ಕ್ಯಾಲೆಂಡರ್‌ನಾಗ್ ನೋಡ್ದಾಗ ನಿಂಗ್ ಏನ್ ಅನ್ನುಸ್ತು?”

ಸುಳ್ಳು ಹೇಳಬಹುದಾಗಿತ್ತು. “ಕೆಲ್ಸ ಮುಗ್ಸಾಕೆ ಟೈಮ್ ಸಿಕ್ತು ಅನ್ನುಸ್ತು” ಎಂದೆ.

ತಲೆಯಾಡಿಸಿದಳು, ತನಗೆ ಗೊತ್ತಿದ್ದ ಉತ್ತರವೇ ಬಂದ ಹಾಗೆ.

“ನಾನು ಒಂದ್ ವಾರ ಅಳ್ತಾನೇ ಇದ್ದೆ. ಆಮೇಲೊಂದಿನ ಮಧ್ಯಾನ ಉಣ್ಣಾಕ್ ಕೂತಾಗ, ಬೆಳಿಗ್ಗೆಯಿಂದ ನಿನ್ ನೆಪ್ಪೇ ಬಂದಿಲ್ಲ ಅಂತ ಗೊತ್ತಾಯ್ತು. ಎದೆ ಧಸಕ್ಕಂತು. ಮಾರನೇ ದಿನಾನೂ ಅಂಗೇ. ನಿಂಗೂ ಅಂಗೇ ಆಗಿರ್ಬೇಕು ಅನ್ಕಂಡೆ. ಫೋನೂ ನಿಂತೋಗಿತ್ತಲ್ಲ.”

“ಹಂಗಲ್ಲ ಕಣೆ. ನಾನ್ ಮಾಡಿದ್ದೆಲ್ಲಾ ನಿಂಗೋಸ್ಕರ.”

“ಮೊದ್ಲು ಹೌದು” ಎಂದಳು. ಕಡ್ಡಿಯನ್ನು ಒಂದು ಕಡೆ, ಎಲೆಯನ್ನು ಒಂದು ಕಡೆ ಹಾಕುತ್ತಿದ್ದಳು. “ನೀನ್ ಕೆಟ್ಟೋನಲ್ಲ. ನಾನೂ ಅಲ್ಲ. ಇದ್ದಿದ್ ಎರಡ್ ತಿಂಗ್ಳು. ನೆಂಟ್ರ ಮನೇಲ್ ಇದ್ದಂಗಿತ್ತು ನಂಗೆ. ನಿಂಗೂ ನೆಂಟ್ರು ಬಂದಂಗಿತ್ತು.”

ಒಂದು ಸಲ ಬಂದು ಮನೆ ನೋಡು ಎಂದೆ. ಆ ಮನೆ ಅಲ್ಲ ಈಗ, ಬೇರೆಯೇ ಎಂದೆ. “ಗೌರಿ ಹಬ್ಬ ಕಳೀಲಿ. ಬತ್ತೀನಿ ನೋಡಾಕೆ” ಎಂದಳು.

ನೋಡಾಕೆ ಎಂದಳು. ಇರಾಕೆ ಎನ್ನಲಿಲ್ಲ. ಹಾರೋಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಹೊಳೆಯಿತು.

೧೭ ಆಗಸ್ಟ್, ಭಾನುವಾರ

ಮೂಲಂಗಿಗೆ ಹುಳ. ಬೂದಿ ಎರಚಿದೆ.

೪ ಸೆಪ್ಟೆಂಬರ್, ಗುರುವಾರ

ಗೌರಿ, ಗಣೇಶ ಎರಡೂ ಆಯಿತು. ದಿನಾ ಬೆಳಿಗ್ಗೆ ಗೊಬ್ಬರದ ಗುಂಡಿಯ ಅಂಚಿನಲ್ಲಿ ಒಂದು ಕಾಲಿಟ್ಟು ನಿಲ್ಲುತ್ತೇನೆ. ಎರಡು ಕಡ್ಡಿ ಬರುತ್ತದೆ. ನಾನು ಮಾಡಿದರೆ ಮಾತಾಡುತ್ತಾಳೆ. ಹಾರೋಹಳ್ಳಿಯ ಗಾರ್ಮೆಂಟ್ಸಿಗೆ ಸೇರಿದ್ದಾಳಂತೆ, ಕಾಲರ್ ಹೊಲಿಯುವ ಕೆಲಸ. ದಿನಕ್ಕೆ ಎಷ್ಟು ಕಾಲರ್ ಎಂದು ಹೇಳುತ್ತಾಳೆ. ನಾನು ಬೀನ್ಸ್ ಹೂ ಬಿಟ್ಟಿದೆ ಎಂದು ಹೇಳುತ್ತೇನೆ. ಇಬ್ಬರೂ ಚೆನ್ನಾಗಿಯೇ ಮಾತಾಡುತ್ತೇವೆ. ಇಟ್ಟ ಮೇಲೆ ನೀರು ಕುಡಿಯಬೇಕಾಗುತ್ತದೆ.

೧೪ ಸೆಪ್ಟೆಂಬರ್, ಭಾನುವಾರ

ಇವತ್ತು ಭಾನು ಬಂದಳು, ಮಾವನ ಜೊತೆ. ಲಗೇಜ್ ಆಟೋ ಮಾಡಿಕೊಂಡು ಬಂದಿದ್ದರು. ಅದನ್ನು ನೋಡಿಯೇ ಗೊತ್ತಾಗಬೇಕಿತ್ತು.

“ಬನ್ನಿ ಬನ್ನಿ, ಕೂತ್ಕೊಳ್ಳಿ” ಎಂದೆ ಬಾಗಿಲಲ್ಲಿ.

“ನಂಗೂ ಬನ್ನಿನಾ?” ಎಂದು ಭಾನು ನಕ್ಕಳು.

ಮಾವ ಚಾಪೆಯ ಮೇಲೆ ಕೂತು ನೆಲ ನೋಡುತ್ತಿದ್ದರು. ನಾನು ಅವಳಿಗೆ ಮನೆ ತೋರಿಸಿದೆ. ಗೋಡೆಯ ಮೇಲೆ ಅಂಗೈ ಇಟ್ಟು ಸುಣ್ಣ ಹತ್ತುತ್ತದೆಯೇ ಎಂದು ನೋಡಿದಳು. ಅಡಿಗೆಮನೆಯಲ್ಲಿ ಬೆಳಕಿನ ಕೆಳಗೆ ನಿಂತು ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ಇಷ್ಟ್ ಬೆಳಕು ಬತ್ತದಾ ಇಲ್ಲಿ” ಎಂದಳು. ಬಚ್ಚಲ ಬಾಗಿಲಿನ ಬಾಣ ನೋಡಿ ತುಟಿ ಕಚ್ಚಿಕೊಂಡಳು, ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ತುಂಬ ಹೊತ್ತು ಬರಲಿಲ್ಲ. ನೀರಿನ ಸದ್ದೂ ಇರಲಿಲ್ಲ. ಆಮೇಲೆ ಮುಖ ತೊಳೆದುಕೊಂಡು ಬಂದಳು.

ಹಿತ್ತಲಲ್ಲಿ ಚಪ್ಪರದ ತುಂಬ ಬೀನ್ಸ್ ಜೋತಾಡುತ್ತಿತ್ತು. ಸೆರಗಿನ ತುಂಬ ಕೊಯ್ದು ತಂದು, ಯಾರೂ ಹೇಳದೆ ಒಲೆ ಹಚ್ಚಿದಳು. ಪಲ್ಯ, ಸಾರು, ಅನ್ನ. ಕರಿಬೇವನ್ನು ಮಾತ್ರ ಕೇಳಿ ಕಿತ್ತಳು. “ಒಂದ್ ಎಸ್ಳು ತಗಳ್ಲಾ?” ಎಂದಳು.

ಒಗ್ಗರಣೆ ವಾಸನೆಗೆ ಮುನಿಗಂಗಮ್ಮಜ್ಜಿ ಬಂದೇಬಿಟ್ಟಳು, ಕುಂಕುಮದ ಬಟ್ಟಲು, ಹೂವು ಹಿಡಿದು. “ಬಂದ್ಯೇನವ್ವಾ! ಬದುಕ್ಕಂಡೆ. ಇವ್ನು ಬಳ್ಳಿಗಳ್ ಜೊತೆ ಮಾತಾಡೋದ್ ಕೇಳಿ ಕೇಳಿ ನಂಗ್ ಹುಚ್ ಹಿಡೀತಿತ್ತು” ಎಂದಳು. ಭಾನು ಸೌಟು ಕೆಳಗಿಟ್ಟು, ಬಗ್ಗಿ ಹಣೆಯೊಡ್ಡಿ ಕುಂಕುಮ ಇಡಿಸಿಕೊಂಡಳು, ತಿರುಗಿ ಹೂ ಮುಡಿಸಿಕೊಂಡಳು. ಅಜ್ಜಿಯ ಕಣ್ಣು ಬಾಗಿಲಾಚೆ ನಿಂತ ಲಗೇಜ್ ಆಟೋದ ಮೇಲೆ ಬಿತ್ತು. ಬಟ್ಟಲು ಮುಚ್ಚಿಕೊಂಡು ಮೆಲ್ಲಗೆ ಹೋದಳು.

ಮೂವರೂ ಉಂಡೆವು. ಪಲ್ಯ ಚೆನ್ನಾಗಿತ್ತು. ಮಾವ ಕೈ ತೊಳೆಯುತ್ತಾ “ಇನ್ನೊಂದ್ ಸಲ ಯೋಚ್ನೆ ಮಾಡವ್ವಾ. ಇಷ್ಟೆಲ್ಲಾ ಮಾಡವ್ನೆ ಹುಡ್ಗ” ಎಂದರು, ನನ್ನ ಕಡೆ ನೋಡದೆ.

“ಮಾಡವ್ನೆ ಕಣಪ್ಪಾ. ನಾನ್ ಇಲ್ಲ ಅಂದ್ನಾ?” ಎಂದಳು ಭಾನು. ಆಮೇಲೆ ನನಗೆ, “ಮನೆ ತುಂಬಾ ಚೆನ್ನಾಗೈತೆ. ಬಿಟ್ಟೋಗ್ಬ್ಯಾಡ ಇದ್ನ. ಇನ್ನೊಂದ್ ರೂಮು ಅಂತ ಅಲೀಬ್ಯಾಡ.”

“ನೀನ್ ಇರು” ಎಂದೆ. ಇಷ್ಟು ದಿನಗಳಲ್ಲಿ ಈ ಮಾತನ್ನು ನಾನು ಹೇಳಿದ್ದು ಇದೇ ಮೊದಲು. ಹೇಳಿದಾಗ ಗೊತ್ತಾಯಿತು.

ಅವಳು ಉಂಡ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. “ಅಮಾಸೆ ದಿನ ಬಂದು ಇದೇ ಮಾತ್ ಅಂದಿದ್ರೆ ಬಂದ್ಬುಡ್ತಿದ್ದೆ. ಏನೂ ಗೊತ್ತಾಗ್ದಂಗೆ ಇದ್ದೂ ಬುಡ್ತಿದ್ದೆ” ಎಂದಳು. “ಈಗ ಗೊತ್ತಾಗೋಗೈತಲ್ಲ.”

ತನ್ನ ಸಾಮಾನು ಕಟ್ಟತೊಡಗಿದಳು. ಬಟ್ಟೆಗಳಾದವು, ಕನ್ನಡಿಯಾಯಿತು. ಕೊನೆಗೆ ಪಾತ್ರೆಗಳು. ಮದುವೆಗೆ ತವರಿನವರು ಕೊಟ್ಟಿದ್ದು. ಎಲ್ಲದರ ಮೇಲೂ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆದಿದೆ. ನಾವು ಉಂಡ ತಟ್ಟೆಗಳನ್ನೂ ತೊಳೆದು, ಸೆರಗಿನಲ್ಲಿ ಒರೆಸಿ, ಒಂದೊಂದಾಗಿ ಟ್ರಂಕಿಗಿಟ್ಟಳು. ಕೊನೆಯ ತಟ್ಟೆ ಕೈಯಲ್ಲಿರುವಾಗ ನಿಂತು, ಖಾಲಿಯಾದ ಹಲಗೆಯ ಕಡೆ ನೋಡಿದಳು.

“ನಿಂಗ್ ಉಣ್ಣಾಕೆ?”

“ತಗೋತೀನಿ ಬಿಡು, ಅಂಗ್ಡೀಲಿ.”

“ಇದ್ನ ಇಟ್ಕೋ.” ಹಲಗೆಯ ಮೇಲೆ ಬೋರಲು ಹಾಕಿದಳು. ಹಾಕಿದ ಮೇಲೆ ಹೆಸರಿನ ಮೇಲೆ ಬೆರಳಾಡಿಸಿದಳು. “ಹೊಸೂರಲ್ಲಿ ಪಾತ್ರೆ ಅಂಗ್ಡೀಲಿ ಕೊಟ್ರೆ ಹೆಸ್ರು ಉಜ್ಜಿ ತೆಗ್ದುಕೊಡ್ತಾರೆ.”

“ಉಜ್ಜಿದ್ರೆ ತಟ್ಟೆ ಸವೆಯಲ್ವಾ?”

“ಸವೀತದೆ” ಎಂದಳು. “ವಸಿ.”